ದ್ಯಾವೀರಮ್ಮ ಇಟ್ಟ ಬೆಲ್ಲ-ನೀರು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ, ದಿಬ್ಬದ ಮೇಲೊಂದು ಊರಿತ್ತಂತೆ. ಕೆಳಗೆ ಹಳ್ಳ. ಊರೆಲ್ಲ ಕುಡಿಯುತ್ತಿದ್ದದ್ದು ಆ ಹಳ್ಳದ್ದೇ ನೀರು. ಆ ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬ ಸೂಲಗಿತ್ತಿ. ಸಾವಿರ ಹೆರಿಗೆ ಮಾಡಿಸಿದ್ದಳಂತೆ. ಕೆಲವರು ಎರಡು ಸಾವಿರ ಅಂತಾರೆ, ಇರಲಿ ಬಿಡಿ.

ಆ ಊರವರಿಗೊಂದು ಕೆಟ್ಟ ಚಾಳಿ. ಮುಂಗಾರಿನ ಮೋಡ ಕಟ್ಟಿತೋ ಇಲ್ಲವೋ, ಒಲೆಬೂದಿ, ಕೊಟ್ಟಿಗೆ ಕಸ, ಕೋಳಿಪುಕ್ಕ, ಬಣ್ಣಗಾರರ ಬಾನಿಯ ಕೊಳೆ, ಎಲ್ಲ ಬೀದಿಗೆ. ಮಳೆರಾಯ ತೊಳೆದುಕೊಂಡು ಹೋಗುತ್ತಾನೆ ಅನ್ನೋರಂತೆ. ತೊಳೆದುಕೊಂಡು ಎಲ್ಲಿಗೆ ಹೋಗುತ್ತಾನೆ? ಮಾವನ ಮನೆಗೇ? ನೇರ ಹಳ್ಳಕ್ಕೆ!

ವರ್ಷ ವರ್ಷವೂ ಮೊದಲ ಮಳೆಯಾದ ವಾರಕ್ಕೆ ಹಸುಗೂಸುಗಳಿಗೆ ಭೇದಿ ಹತ್ತುತ್ತಿತ್ತು. ತಾನು ಹೆರಿಗೆ ಮಾಡಿಸಿದ ಕೂಸುಗಳನ್ನು ದ್ಯಾವೀರಮ್ಮ ತಾನೇ ಮಣ್ಣಿಗೆ ಹೊತ್ತುಕೊಂಡು ಹೋಗಬೇಕಿತ್ತಂತೆ. ಮನೆಮನೆಗೆ ಹೋಗಿ ಹೇಳಿದಳು, ಕೈಮುಗಿದಳು, ಬೈದಳು. ಜನ ದೃಷ್ಟಿಯಾಗಿದೆ ಅಂದರು, ಅಮ್ಮ ಮುನಿದಿದ್ದಾಳೆ ಅಂದರು, ಕೋಳಿ ಕುಯ್ದರು, ಅದರ ಪುಕ್ಕವನ್ನೂ ಬೀದಿಗೇ ಎಸೆದರು. ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೆ ಸಾಕುಸಾಕಾಗಿ ಹೋಯಿತಂತೆ.

ಒಂದು ವರ್ಷ ಪಟೇಲ ಮುದ್ದೇಗೌಡನ ಸೊಸೆಗೆ, ಹನ್ನೊಂದು ವರ್ಷ ಕಾದ ಮೇಲೆ, ಗಂಡುಮಗು. ನಾಮಕರಣದ ಹಿಂದಿನ ದಿನವೇ ಮೊದಲ ಮಳೆ ಹೊಯ್ಯಿತು. ಬಂದವರಿಗೆ ಬೆಲ್ಲ-ನೀರು ಕೊಡುವುದು ಆ ಕಡೆಯ ಪದ್ಧತಿ. ಮುಟ್ಟದೆ ಎದ್ದರೆ ಮನೆಗೇ ಅವಮಾನ. ನಾಮಕರಣದ ದಿನ ದ್ಯಾವೀರಮ್ಮ, ಕೂಸಿನ ಹೆಸರಲ್ಲಿ ಕೊಡುವ ಮೊದಲ ನೀರು ಅಂತ ಹೇಳಿ, ಪಟೇಲನಿಗೂ ಹಿರಿಯರಿಗೂ ತಾನೇ ಚೊಂಬು ಇಟ್ಟಳಂತೆ. ನೋಡಿದರೆ ಬೂದಿ ತೇಲುತ್ತಿದೆ, ಪುಕ್ಕ ತೇಲುತ್ತಿದೆ.

"ಏನವ್ವಾ ಇದು?" ಅಂದನಂತೆ ಪಟೇಲ, ಮೂಗು ಮುಚ್ಚಿಕೊಂಡು.

"ನಿಮ್ಮ ಬೀದೀದೇ ಕಣ್ರಪ್ಪಾ. ಬೆಳಿಗ್ಗೆ ಹಳ್ಳದಲ್ಲಿ ತುಂಬ್ಕಂಡು ಬಂದೆ. ಮೊದ್ಲು ನೀವು ಕುಡುದು ದಕ್ಕಿಸ್ಕಳಿ, ಆಮೇಲೆ ಕೂಸಿನ ಬಾಯಿಗೂ ಬಿಡ್ತೀನಿ."

ಯಾರೂ ಕುಡಿಯಲಿಲ್ಲ. ಕುಡಿಯದೆ ಏಳುವಂತೆಯೂ ಇರಲಿಲ್ಲ. ಹೊತ್ತು ನೆತ್ತಿಗೇರಿತಂತೆ. ಒಳಗೆ ಕೂಸು ಅಳುತ್ತಿತ್ತು. ಕಡೆಗೆ ಪಟೇಲನೇ, ಬೀದಿ ಚೊಕ್ಕಟವಾದ ಮೇಲೇ ಕೂಸಿನ ನೀರು ಕುಡಿಯೋದು ಅಂತ ಎದ್ದು, ಪೊರಕೆ ಹಿಡಿದು ಬೀದಿಗಿಳಿದನಂತೆ. ಪಟೇಲ ಗುಡಿಸುವಾಗ ಉಳಿದವರು ಕೂರುವುದುಂಟೇ? ಬೀದಿಯ ಕೊನೆಯಲ್ಲಿ, ಹಳ್ಳಕ್ಕೆ ಮುಂಚೆಯೇ, ದೊಡ್ಡ ಗುಂಡಿ ತೋಡಿ ಜಲ್ಲಿ, ಮರಳು ತುಂಬಿದರು. ಸುತ್ತ ಲಾವಂಚ ನೆಟ್ಟರು. ಬೀದಿಯ ನೀರು ಅಲ್ಲಿ ನಿಂತು, ಸೋಸಿಕೊಂಡು, ಆಮೇಲೆ ಹಳ್ಳಕ್ಕೆ. ಆ ಕೂಸು ತೊಂಬತ್ತು ವರ್ಷ ಬದುಕಿತಂತೆ.

ಈಗಲೂ ಅಲ್ಲಿ ಮುಂಗಾರಿಗೆ ಮುಂಚಿನ ಅಮಾವಾಸ್ಯೆಗೆ ಮನೆಗೊಬ್ಬರು ಬೀದಿ ಗುಡಿಸಬೇಕು, ಗುಂಡಿಯ ಹೂಳೆತ್ತಬೇಕು. ಭಕ್ತಿಯಿಂದೇನಲ್ಲ, ಸೊಂಟ ಹಿಡಿದುಕೊಂಡು, "ಆ ಮುದುಕಿ ಸತ್ತರೂ ನಮ್ಮನ್ನ ಬಿಡಲಿಲ್ವಲ್ಲ" ಅಂತ ಬೈದುಕೊಂಡೇ ಗುಡಿಸುತ್ತಾರೆ. ಆ ವರ್ಷ ಹೆತ್ತ ತಾಯಂದಿರು ಮಾತ್ರ ಕೂಸನ್ನೆತ್ತಿಕೊಂಡು ಜಗಲಿಯಲ್ಲಿ ನಿಂತಿರುತ್ತಾರೆ. ಅವರು ಸಾಕು ಅನ್ನುವ ತನಕ ಯಾರೂ ಪೊರಕೆ ಕೆಳಗಿಡುವುದಿಲ್ಲ.