ದುಗ್ಗನ ಮೊಳ

ಸಮುದ್ರಕ್ಕೆ ಉಪ್ಪು ಇನ್ನೂ ಹೊಸದಾಗಿದ್ದ ಕಾಲ. ಹೊಳೆಗೆ ಆಗಷ್ಟೇ ಸಮುದ್ರದ ದಾರಿ ಸಿಕ್ಕಿತ್ತು. ಅವೆರಡೂ ಸೇರುವ ಅಳಿವೆಯಲ್ಲಿ ಮೊದಲ ಕೆಸರು ಬಿತ್ತು. ಮೆತ್ತಗಿನ, ಕಪ್ಪಗಿನ, ತಿಂದಷ್ಟೂ ಮುಗಿಯದ ಕೆಸರು. ಏಡಿಗಳು ಬಂದವು, ಬಳಚಕ್ಕ ತನ್ನ ಜೋಡಿ ಕಪ್ಪೆಚಿಪ್ಪಿನ ಸಮೇತ ಬಂದಳು, ಬಸವನಹುಳದಜ್ಜ ಎಲ್ಲರಿಗಿಂತ ಕೊನೆಗೆ ಬಂದ.

"ಜಗಳ ಬೇಡ ಮಕ್ಕಳೇ," ಎಂದಳು ಹೊಳೆಯಮ್ಮ. "ತಲೆಗೊಂದು ಮೊಳ ಜಾಗ. ಅವರವರ ಕೈಯಲ್ಲೇ ಅಳೆದುಕೊಳ್ಳಿ."

ಯಾರ ಕೈ ಎಷ್ಟುದ್ದ ಎಂದು ಅವಳು ಕೇಳಲಿಲ್ಲ. ಹೂ ಕೊಳ್ಳುವವರೂ ಮಾರುವವಳ ಕೈ ನೋಡುತ್ತಾರೆ. ಹೊಳೆಯಮ್ಮನಿಗೆ, ಪಾಪ, ಹೂ ಕೊಂಡು ಗೊತ್ತಿರಲಿಲ್ಲ.

ಆಗ ಎಲ್ಲ ಏಡಿಗಳಿಗೂ ಎರಡು ಪುಟ್ಟ ಕೈ, ಎರಡೂ ಸಮ. ಕೈಯೇ ಇಲ್ಲದ ಅಜ್ಜನಿಗೂ ಬಳಚಕ್ಕನಿಗೂ ಸಣ್ಣಿ ಎಂಬ ಏಡಿ ಅಳೆದುಕೊಟ್ಟಳು. ಅವಳ ಬಿಲ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ಬೇರಿನಡಿ ಇತ್ತು, ಒಳಗೆ ಎಳ್ಳುಕಾಳಿನಷ್ಟು ಪುಟ್ಟ ಮಕ್ಕಳು. ಉಬ್ಬರದ ನೀರು ಬರುವ ಮುಂಚೆ ಚಿಟಿಕೆ ಮಣ್ಣು ತಂದು ಬಾಗಿಲು ಮುಚ್ಚುವಳು. ನೀರಿಳಿದ ಮೇಲೆ ತೆಗೆಯುವಳು. ಸುಖವಾಗಿದ್ದಳು.

ಸಣ್ಣಿಯ ತಮ್ಮ ದುಗ್ಗ. ಅವನೊಂದು ದಿನ ಹಳೇ ಚಿಪ್ಪು ಕಳಚಿದ. ಹೊಸದು ಗಟ್ಟಿಯಾಗುವ ಮುಂಚೆ, ಮೆತ್ತಗಿದ್ದ ಬಲಗೈಯನ್ನು ಬೇರಿಗೆ ಸಿಕ್ಕಿಸಿ ಎಳೆದ. ಎಳೆದ, ಎಳೆದ, ಎಳೆದ. ಕೈ ಉದ್ದವಾಯಿತು. ಮೊಳವೂ ಉದ್ದವಾಯಿತು!

"ಅಜ್ಜಾ, ಏಳು. ಇದು ನನ್ನ ಮೊಳದೊಳಗೆ ಬಂತು."

"ನಿನ್ನೆ ಬಂದಿರಲಿಲ್ಲವಲ್ಲೋ?"

"ನಿನ್ನೆ ನನ್ನ ಕೈ ಚಿಕ್ಕದಿತ್ತು."

ಅಜ್ಜ ಮನೆಯನ್ನು ಬೆನ್ನಿಗೇರಿಸಿಕೊಂಡು ಹೊರಟುಹೋದ. ಸಣ್ಣಿಗೆ ಸಂಕಟವಾಯಿತು. ಆದರೂ ತಮ್ಮನಲ್ಲವೇ, ಇಷ್ಟಕ್ಕೆ ತೆಪ್ಪಗಾಗುತ್ತಾನೆ ಎಂದುಕೊಂಡಳು. ಬಳಚಕ್ಕನಂತೂ "ನಂಗೆಂತಕ್ಕೆ ಊರ ಉಸಾಬರಿ?" ಎಂದು ಚಿಪ್ಪು ಮುಚ್ಚಿದಳು.

ದುಗ್ಗ ಮತ್ತೆ ಚಿಪ್ಪು ಕಳಚಿದ. ಎಳೆದ, ಎಳೆದ, ಎಳೆದ. ಈ ಸಲ ಬಳಚಕ್ಕನ ಜಾಗ ಹೋಯಿತು. ಅವಳು ಕೂಗಿಕೊಂಡಳು. ಉಳಿದವರು ಅಷ್ಟರಲ್ಲಿ ಅವಳಿಂದಲೇ ಬಾಗಿಲು ಮುಚ್ಚುವುದನ್ನು ಕಲಿತಿದ್ದರು.

ದುಗ್ಗ ಬೇರು ಹತ್ತಿ ಕೂತ. "ನಾನೇ ದೊರೆ. ನನ್ನ ಕೈಯೇ ಅಳತೆ. ಬಾಯಿ ಬಿಟ್ಟವರನ್ನು ಚಿವುಟುತ್ತೇನೆ."

"ಎಲ್ಲಿವರೆಗೆ ಮಾರಾಯ?" ಎಂದು ಗಾಳಿ ಕೇಳಿತು.

"ಕೈ ಬೆಳೆಯುವವರೆಗೆ."

ಹೆದರಿಕೆಗೆ ಬೇರೆ ಗಂಡೇಡಿಗಳೂ ಒಂದೊಂದು ಕೈ ಎಳೆದುಕೊಂಡವು. ಕೆಲವು ಬಲಗೈ, ಕೆಲವು ಎಡಗೈ. ಕೆಸರು ಇದ್ದಷ್ಟೇ ಇತ್ತು, ಕೈಗಳು ಮಾತ್ರ ಬೆಳೆದವು. ಒಬ್ಬನ ಮೊಳ ಇನ್ನೊಬ್ಬನ ಮೊಳದ ಮೇಲೆ ಬಿತ್ತು. ಯುದ್ಧ ಶುರುವಾಯಿತು.

ಕಾಲು ಮುರಿದವು, ಬಿಲಗಳು ಕುಸಿದವು. ಯಾರೂ ತುತ್ತು ಕೆಸರು ತಿನ್ನಲಿಲ್ಲ. ಸಣ್ಣಿಯ ಬಾಗಿಲನ್ನು ತುಳಿದು ಹಾಕಿದರು. ದೂರದಲ್ಲಿ ಉಬ್ಬರದ ಸದ್ದು ಕೇಳಿಸಿತು. ಅವಳು ಮಣ್ಣಿಗೆ ಕೈ ಹಾಕಿದಳು.

"ಮುಟ್ಟಬೇಡ! ಅದು ದೊರೆಯ ಮಣ್ಣು," ಎಂದ ದುಗ್ಗ.

"ಒಳಗೆ ಮಕ್ಕಳಿವೆಯೋ!"

"ಯುದ್ಧ ಮುಗಿಯಲಿ."

ಸಣ್ಣಿಗೆ ಹುಟ್ಟಿದ ಮೇಲೆ ಮೊದಲ ಸಲ ಸಿಟ್ಟು ನೆತ್ತಿಗೇರಿತು. "ನಿನ್ನ ದೊರೆತನಕ್ಕಿಷ್ಟು ಬೆಂಕಿ ಹಾಕ!" ಎಂದು ಮಣ್ಣು ಬಾಚಿದಳು. ದುಗ್ಗ ಕೈ ಎತ್ತಿದ. ಆ ಭಾರದ ಕೈ ಏರಿ ಇಳಿಯುವಷ್ಟರಲ್ಲಿ ಅವಳು ಬಿಲ ಸೇರಿ ಬಾಗಿಲು ಮುಚ್ಚಿಯಾಗಿತ್ತು. ಅವಳನ್ನು ನೋಡಿ ಉಳಿದ ಹೆಣ್ಣೇಡಿಗಳೂ ಮಣ್ಣು ಬಾಚಿದವು. ತಮ್ಮ ಬಾಗಿಲ ಜೊತೆ ನೆರೆಮನೆಯದನ್ನೂ ಮುಚ್ಚಿದವು.

ಸಮುದ್ರ ಬಂತು. ಯಾರ ಗೆರೆ ಎಲ್ಲಿತ್ತೆಂದು ಅದು ಕೇಳಲಿಲ್ಲ, ಒಂದೊಂದಾಗಿ ಅಳಿಸುತ್ತಾ ಮೇಲೇರಿತು. ದುಗ್ಗ ತನ್ನ ಬಿಲಕ್ಕೆ ಓಡಿದ. ಅವನ ದೊಡ್ಡ ಕೈಗೆ ಚಿಟಿಕೆ ಮಣ್ಣು ಹಿಡಿಯಲು ಬರಲಿಲ್ಲ, ಪುಟ್ಟ ಕೈ ಹಿಡಿದದ್ದನ್ನೂ ಅದು ಅಡ್ಡ ಬಂದು ಚೆಲ್ಲಿತು. ಆ ಕೈ ಬಡಿದು ಬಿಲದ ಗೋಡೆಯೇ ಒಡೆಯಿತು.

"ಅಕ್ಕಾ! ಬಾಗಿಲು!"

ಸಣ್ಣಿ ತನ್ನ ಬಾಗಿಲು ತೆರೆದು ಹೊರಗೆ ಬಂದಳು.

"ಎಷ್ಟು ಮಣ್ಣು ಬೇಕು, ದೊರೆ?"

"ಒಂದು ಚಿಟಿಕೆ ಸಾಕಕ್ಕಾ."

"ಇಷ್ಟಕ್ಕಾ ಅಷ್ಟೆಲ್ಲ?" ಎಂದಳು. ಅವನ ಬಾಗಿಲು ಮುಚ್ಚಿ, ನೀರು ಮುಟ್ಟುವ ಮುಂಚೆ ತನ್ನ ಮಕ್ಕಳ ಬಳಿ ಓಡಿದಳು.

ನೀರಿಳಿದಾಗ ಕೆಸರು ನುಣ್ಣಗಿತ್ತು. "ನನ್ನದೇ ತಪ್ಪು," ಎಂದಳು ಹೊಳೆಯಮ್ಮ. "ಇನ್ನು ಮೊಳದ ಮಾತು ಬೇಡ. ಬಾಗಿಲು ಮುಚ್ಚಲು ಬೇಕಾದಷ್ಟು ಮಣ್ಣು ನಿಮ್ಮದು, ಉಳಿದದ್ದು ಎಲ್ಲರದು." ಬಸವನಹುಳದಜ್ಜ ವಾಪಸು ಬಂದ. ಮನೆಯನ್ನು ಮಾತ್ರ ಕೆಳಗಿಡಲಿಲ್ಲ. "ಇರಲಿ ಮಗಾ, ನಂಬಿಕೆ ನನ್ನ ಹಾಗೇ, ನಿಧಾನಕ್ಕೆ ಬರುತ್ತದೆ," ಎಂದ.

ಎಳೆದ ಕೈಗಳು ಅಷ್ಟರಲ್ಲಿ ಗಟ್ಟಿಯಾಗಿದ್ದವು. ಮತ್ತೆ ಚಿಕ್ಕವಾಗಲಿಲ್ಲ. ಅದಕ್ಕೇ ನೋಡಿ, ಇವತ್ತಿಗೂ ನೀರಿಳಿದ ಅಳಿವೆಯಲ್ಲಿ ಗಂಡೇಡಿ ತನ್ನ ಒಂದು ದೊಡ್ಡ ಕೈಯನ್ನು ಎತ್ತಿ ಎತ್ತಿ ಗಾಳಿಯಲ್ಲಿ ಮೊಳ ಹಾಕುತ್ತಾ, ಇನ್ನೊಂದು ಪುಟ್ಟ ಕೈಯಲ್ಲಿ ಚೂರು ಚೂರೇ ತಿನ್ನುತ್ತದೆ. ಪಕ್ಕದಲ್ಲೇ ಅದರ ಅಕ್ಕ ಎರಡೂ ಕೈಯಲ್ಲಿ ಹೊಟ್ಟೆ ತುಂಬಾ ತಿಂದು, ಚಿಟಿಕೆ ಮಣ್ಣು ತಂದು, ಬಾಗಿಲು ಮುಚ್ಚಿಕೊಳ್ಳುತ್ತದೆ.