ಆಮೆಯಜ್ಜನ ತೀರ್ಥ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಹಿಂದೆ ಕೂತವರು ಗುಸುಗುಸು ಮಾಡಬೇಡಿ. ಇದು ಮೆಲ್ಲಗೆ ಹೇಳಬೇಕಾದ ಕಥೆ.

ಕಗ್ಗಲ್ಲುದುರ್ಗ ಅಂತ ಒಂದು ರಾಜ್ಯ. ಅದಕ್ಕೆ ಸಿಂಗರಸ ಅಂತ ಒಬ್ಬ ರಾಜ. ಬೆಟ್ಟದ ಮೇಲೆ ಅವನ ಅರಮನೆ, ಬೆಟ್ಟದ ಕೆಳಗೆ ಹೊಳೆ. ಅರಮನೆಯ ಅಂಗಳದಲ್ಲಿ ಒಂದೇ ಬಂಡೆಯನ್ನು ಕೊರೆದು ಮಾಡಿದ ದೊಡ್ಡ ಕಲ್ಲುತೊಟ್ಟಿ. ಆ ತೊಟ್ಟಿಯಲ್ಲಿ ಒಂದು ಆಮೆ.

ಅದಕ್ಕೆ ಎಷ್ಟು ವಯಸ್ಸು? ಯಾರಿಗೂ ಗೊತ್ತಿಲ್ಲ. ಊರಿನ ಹಣ್ಣು ಹಣ್ಣು ಮುದುಕರನ್ನು ಕೇಳಿದರೆ, "ನಾವು ಮಕ್ಕಳಾಗಿದ್ದಾಗಲೂ ಇಷ್ಟೇ ದೊಡ್ಡದಿತ್ತಪ್ಪ, ನಮ್ಮಜ್ಜನೂ ಹಾಗೇ ಹೇಳ್ತಿದ್ದ" ಅನ್ನುತ್ತಿದ್ದರು. ಅದನ್ನು ಆಮೆ ಅಂತ ಯಾರೂ ಕರೆಯುತ್ತಿರಲಿಲ್ಲ. ಅಜ್ಜ ಅಂತಲೇ ಕರೆಯೋದು. ಅಜ್ಜ ನೀರಿನಿಂದ ತಲೆ ಎತ್ತಿದರೆ ಅಂಗಳದಲ್ಲಿ ಮಾತು ನಿಲ್ಲುತ್ತಿತ್ತು. ಆನೆ ಪಳಗಿಸಿದ ಸೇನಾಪತಿಯೂ ಅಲ್ಲಿಗೆ ಬಂದರೆ ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಹೆಜ್ಜೆ ಇಡುತ್ತಿದ್ದ.

ನೀವು ಕೇಳ್ತೀರಿ, ಆ ಆಮೆ ಮಾತಾಡ್ತಿತ್ತಾ ಅಂತ. ಇಲ್ಲ. ಕಥೆ ಅಂದಮೇಲೆ ಪ್ರಾಣಿಗಳೆಲ್ಲ ಮಾತಾಡಲೇಬೇಕು ಅಂತ ಏನಾದರೂ ಕಟ್ಟಳೆ ಇದೆಯಾ? ಅದು ಸುಮ್ಮನೆ ಇರುತ್ತಿತ್ತು. ಅದಕ್ಕೇ ಇಷ್ಟೆಲ್ಲ ಆಯಿತು.

ಹಿಂದಿನ ಅರಸರು ಒಂದು ಪದ್ಧತಿ ಮಾಡಿಟ್ಟಿದ್ದರು. ವಾರಕ್ಕೊಮ್ಮೆ ತೊಟ್ಟಿಯ ತೂಬು ತೆಗೆದು ನೀರೆಲ್ಲ ಹರಿಯಬಿಡಬೇಕು. ಒಳಗಿಳಿದು ಕಲ್ಲು ಉಜ್ಜಬೇಕು. ಹೊಳೆಯಿಂದ ಹೊಸ ನೀರು ತಂದು ತುಂಬಬೇಕು. ಇದನ್ನೆಲ್ಲ ನೋಡಿಕೊಳ್ಳೋಕೆ ಒಬ್ಬ ಪಾರುಪತ್ತೆಗಾರ. ಅವನ ಅಪ್ಪಣೆ ಇಲ್ಲದೆ ಇನ್ನೊಬ್ಬರು ತೊಟ್ಟಿ ಮುಟ್ಟುವ ಹಾಗಿಲ್ಲ. ಅವನಿಗೆ ಒಂದು ಬೆಳ್ಳಿ ಕೋಲು, ಆಸ್ಥಾನದಲ್ಲಿ ಒಂದು ಪೀಠ.

ಸಿಂಗರಸನ ಕಾಲಕ್ಕೆ ಆ ಕೆಲಸ ಓಬಳಯ್ಯನ ಪಾಲಿಗೆ ಬಂತು. ಓಬಳಯ್ಯನಿಗೆ ಬೆಳ್ಳಿ ಕೋಲು ಇಷ್ಟ. ಪೀಠ ಇನ್ನೂ ಇಷ್ಟ. ಪಂಚೆ ಎತ್ತಿ ಕಟ್ಟಿ ಪಾಚಿ ಉಜ್ಜೋದು ಮಾತ್ರ ಕಷ್ಟ.

ಒಂದು ವಾರ ನೀರು ಬದಲಿಸಲಿಲ್ಲ. ಯಾರೂ ಕೇಳಲಿಲ್ಲ. ಮುಂದಿನ ವಾರವೂ ಬದಲಿಸಲಿಲ್ಲ. ಬಿಸಿಲಿಗೆ ನೀರು ಕಡಿಮೆಯಾದಾಗ ಮೇಲಿಂದ ನಾಲ್ಕು ಕೊಡ ಸುರಿದ, ತೊಟ್ಟಿ ತುಂಬಿದ ಹಾಗೆ ಕಂಡಿತು. ಆಮೇಲೆ ನೀರು ಹಸಿರಾಯಿತು, ವಾಸನೆ ಬಂತು. ಓಬಳಯ್ಯ ಮೇಲೆಲ್ಲ ಮಲ್ಲಿಗೆ ಹರಡಿದ. ಪಚ್ಚಕರ್ಪೂರ ಪುಡಿ ಮಾಡಿ ಉದುರಿಸಿದ. ಲಾವಂಚದ ಬೇರು ಕಟ್ಟಿ ಇಳಿಬಿಟ್ಟ. ಬಂದವರು, "ಆಹಾ, ಏನು ಪರಿಮಳ" ಅಂದರು. ನೋಡಿದಿರಾ ಜನ ಹೇಗೆ ಅಂತ.

ಒಂದು ದಿನ ರಾಜನೇ ಕೇಳಿದ, "ಏನು ಓಬಳಯ್ಯನವರೇ, ತೂಬು ತೆಗೆದದ್ದೇ ಕಾಣಲಿಲ್ಲವಲ್ಲ?"

ಓಬಳಯ್ಯ ಗಲ್ಲ ಗಲ್ಲ ಬಡಿದುಕೊಂಡ. "ಮಹಾಸ್ವಾಮಿ, ಇದು ಬರೀ ನೀರಾ? ಅಜ್ಜನ ಮೈ ಸೋಕಿದ ತೀರ್ಥ. ದಿನ ಕಳೆದಷ್ಟೂ ಇದರ ಮಹಿಮೆ ಹೆಚ್ಚು. ಇದನ್ನ ಚರಂಡಿಗೆ ಬಿಡೋ ಪಾಪ ನನ್ನ ಕೈಲಿ ಮಾಡಿಸಬೇಡಿ."

ರಾಜನ ಮೈ ಜುಮ್ಮೆಂದಿತು. ಅವನು ಒಳ್ಳೆಯವನೇ, ಆದರೆ ಕೈ ಮುಗಿಯುವಾಗ ಕಣ್ಣು ಮುಚ್ಚುವ ಜಾತಿಯವನು. ತೂಬಿಗೆ ಗಾರೆ ಹಾಕಿ ಮುಚ್ಚಿಸಿಬಿಟ್ಟ. ಅಂದಿನಿಂದ ಓಬಳಯ್ಯ ಗರಿಕೆಯಲ್ಲಿ ಅದ್ದಿ ಬಂದವರ ತಲೆಗೆ ಒಂದೊಂದು ಹನಿ ಚಿಮುಕಿಸುತ್ತಿದ್ದ. ಕುಡಿಯೋಕೆ ಯಾರಾದರೂ ಅಂಗೈ ಒಡ್ಡಿದರೆ, "ಇದರ ಶಕ್ತಿ ನಿಮ್ಮಂಥವರು ತಡ್ಕೊಳ್ಳೋದಲ್ಲ" ಅನ್ನುತ್ತಿದ್ದ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಸಿಂಗರಸನಿಗೆ ಮದುವೆಯಾಯಿತು. ಹೊಸ ರಾಣಿಯ ಹೆಸರು ಚೆಲುವಾಜಿ. ಹೊಳೆ ದಂಡೆಯ ಊರಿನಲ್ಲಿ ಹುಟ್ಟಿ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಆಮೆಗಳನ್ನು ನೋಡುತ್ತಾ ಬೆಳೆದವಳು. ಮನೆ ತುಂಬಿಸಿಕೊಂಡ ದಿನವೇ ಅವಳನ್ನು ಅಜ್ಜನಿಗೆ ಅಡ್ಡಬೀಳಿಸಲು ಕರೆತಂದರು. ಅವಳು ಬಗ್ಗಿದಳು. ಮಲ್ಲಿಗೆಯ ಕೆಳಗಿಂದ ಕೊಳೆತ ವಾಸನೆ ಬಂತು, ಅವಳು ಹೂವು ಸರಿಸಿ ನೋಡಿದಳು. ಅಜ್ಜನ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಅವಳಿಗೆ ಅಳು ಬಂತು, ಅಷ್ಟು ದೊಡ್ಡ ಜೀವ ಅಷ್ಟು ಸುಮ್ಮನೆ ನರಳುತ್ತಿತ್ತು.

"ಸ್ವಾಮಿ, ಅಜ್ಜ ಕಣ್ಣೇ ಬಿಡ್ತಿಲ್ಲ," ಅಂದಳು ರಾಜನಿಗೆ.

ರಾಜ ಓಬಳಯ್ಯನನ್ನು ಕೇಳಿದ. "ಧ್ಯಾನದಲ್ಲಿದ್ದಾರೆ ಮಹಾಸ್ವಾಮಿ," ಅಂದ ಓಬಳಯ್ಯ. ರಾಜ ಕೈ ಮುಗಿದ.

ಕೆಲವು ದಿನ ಬಿಟ್ಟು ಅವಳು, "ಸ್ವಾಮಿ, ಅಜ್ಜ ಸೊಪ್ಪು ಮುಟ್ಟಿಲ್ಲ" ಅಂದಳು.

"ಉಪವಾಸ ಹಿಡಿದಿದ್ದಾರೆ," ಅಂದ ಓಬಳಯ್ಯ. ರಾಜ ಮತ್ತೆ ಕೈ ಮುಗಿದ. ಉಪವಾಸದ ಅಜ್ಜನನ್ನು ನೋಡಲು ಊರೆಲ್ಲ ಸಾಲು ನಿಂತಿತು.

ಮೂರನೆಯ ಸಲ ಅವಳು, "ಸ್ವಾಮಿ, ಚಿಪ್ಪಿನ ಅಂಚು ಮುಟ್ಟಿ ನೋಡಿದೆ, ಮೆತ್ತಗಾಗಿದೆ. ಹೀಗೇ ಬಿಟ್ಟರೆ ಅಜ್ಜ ಉಳಿಯೋದಿಲ್ಲ" ಅಂದಳು.

"ದೊಡ್ಡವರು ದೇಹ ಬಿಡೋ ಹೊತ್ತು ತಾಯಿ. ನಾವು ಅಡ್ಡ ಬರಬಾರದು," ಅಂದ ಓಬಳಯ್ಯ. ಎರಡೂ ಕಣ್ಣಲ್ಲಿ ನೀರು ಬೇರೆ ತಂದುಕೊಂಡ. ರಾಜನೂ ಕಣ್ಣೊರೆಸಿಕೊಂಡ.

ಚೆಲುವಾಜಿಗೆ ಗೊತ್ತಾಯಿತು, ಭಕ್ತಿಯ ಮುಂದೆ ವಾದ ಮಾಡಿ ಪ್ರಯೋಜನವಿಲ್ಲ ಅಂತ. ಅವಳು ಭಕ್ತಿಯನ್ನೇ ಹಿಡಿದುಕೊಂಡಳು.

ಮರುದಿನ ತುಂಬಿದ ಆಸ್ಥಾನದಲ್ಲಿ ಎದ್ದು ನಿಂತು ಹೇಳಿದಳು. "ನಾನು ಹೊಸಬಳು, ಈ ತೀರ್ಥದ ಮಹಿಮೆ ತಿಳಿಯದೆ ಏನೇನೋ ಅಂದೆ. ಇದನ್ನ ಇಷ್ಟು ವರ್ಷ ಕಾಪಾಡಿದ ಓಬಳಯ್ಯನವರಿಗೆ ಇವತ್ತು ಇದೇ ತೀರ್ಥದಿಂದ ಮರ್ಯಾದೆ ಮಾಡೋಣ. ಇದರ ಶಕ್ತಿ ತಡ್ಕೊಳ್ಳೋರು ಅವರಲ್ಲದೆ ಇನ್ಯಾರಿದ್ದಾರೆ?"

ರಾಜನಿಗೆ ಸಂತೋಷವೋ ಸಂತೋಷ. ಓಬಳಯ್ಯ ಪೀಠದ ಮೇಲೆ ನೆಟ್ಟಗೆ ಕೂತ. ಅವಳು ತೊಟ್ಟಿಯ ಹೂವನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ನೀರು ಮೊಗೆಸಿ ಬೆಳ್ಳಿ ಕೊಳಗದಲ್ಲಿ ತರಿಸಿದಳು.

"ಮೊದಲು ನಿಮಗೆ ಅಭಿಷೇಕ."

"ನೆಗಡಿ ತಾಯಿ. ತಲೆ ಮೇಲೆ ನೀರು ಬೀಳೋ ಹಾಗಿಲ್ಲ."

"ಹಾಗಾದರೆ ಇದರಲ್ಲೇ ಅಕ್ಕಿ ಬೇಯಿಸಿ ಬಡಿಸ್ತೀವಿ."

"ಇವತ್ತು ನಾನು ಅನ್ನ ಮುಟ್ಟೋದಿಲ್ಲ ತಾಯಿ. ಒಪ್ಪತ್ತು."

"ತೀರ್ಥ ತಗೊಳ್ಳೋಕೆ ಒಪ್ಪತ್ತು ಅಡ್ಡ ಬರೋದಿಲ್ಲವಲ್ಲ. ಒಂದೇ ಒಂದು ಉದ್ಧರಣೆ. ಕೈ ಒಡ್ಡಿ."

ಇನ್ನು ನೆಪ ಉಳಿದಿರಲಿಲ್ಲ. ಓಬಳಯ್ಯ ಅಂಗೈ ಒಡ್ಡಿದ. ಉದ್ಧರಣೆಯಿಂದ ನೀರು ಬೀಳಲಿಲ್ಲ, ಲೋಳೆಯಾಗಿ ಇಳಿಯಿತು. ಹತ್ತಿರ ನಿಂತ ಮಂತ್ರಿ ಉತ್ತರೀಯದಿಂದ ಮೂಗು ಮುಚ್ಚಿಕೊಂಡ. ಸಭೆಯ ಕಣ್ಣೆಲ್ಲ ಓಬಳಯ್ಯನ ಕೈಮೇಲೆ. ಅವನು ಕೈಯನ್ನು ಬಾಯಿಯ ಹತ್ತಿರ ತಂದ. ತುಟಿಗಳು ಗಟ್ಟಿಯಾಗಿ ಮುಚ್ಚಿಕೊಂಡವು. ಕೈ ಕೆಳಗಿಳಿಸಿದ, ನೀರು ಪಂಚೆಯ ಮೇಲೆ ಚೆಲ್ಲಿತು.

"ತಪ್ಪಾಯ್ತು ತಾಯಿ," ಅಂದ. "ಇದನ್ನ ಕುಡಿದರೆ ನಾನು ಬದುಕೋದಿಲ್ಲ."

ಚೆಲುವಾಜಿ ದನಿ ಎತ್ತಲಿಲ್ಲ. "ಒಂದು ಉದ್ಧರಣೆ ಕುಡಿದರೆ ನೀವು ಬದುಕೋದಿಲ್ಲ. ಅಜ್ಜ ಅದರಲ್ಲೇ ಇರ್ತಾರೆ, ಅದರಲ್ಲೇ ತಿಂತಾರೆ, ಅದನ್ನೇ ಕುಡೀತಾರೆ. ಅವರು ಹೇಗೆ ಬದುಕಬೇಕು ಹೇಳಿ."

ರಾಜ ಸಿಂಹಾಸನದಿಂದ ಇಳಿದ. ನೇರ ಅಂಗಳಕ್ಕೆ ಹೋದ. ಹಾರೆ ತರಿಸಿ ತೂಬಿನ ಗಾರೆಯನ್ನು ತನ್ನ ಕೈಯಾರೆ ಒಡೆದ. ಅಜ್ಜನನ್ನು ಎತ್ತಿ, ಎದೆಗೆ ಒರಗಿಸಿಕೊಂಡು, ಬಿಸಿಲಿನಲ್ಲಿಟ್ಟ ಹಿತ್ತಾಳೆಯ ಹಂಡೆಗೆ ಇಳಿಸಿದ. ತೊಟ್ಟಿಯಿಂದ ಕಪ್ಪು ನೀರು ಹರಿಯುತ್ತಲೇ ಇತ್ತು. ರಾಣಿ ಸೆರಗು ಸಿಕ್ಕಿಸಿ ಒಳಗಿಳಿದಳು. ಓಬಳಯ್ಯನ ಕೈಗೂ ತೆಂಗಿನ ನಾರು ಕೊಟ್ಟಳು. ಅವನು ಪಂಚೆ ಎತ್ತಿ ಕಟ್ಟಿ ಇಳಿದು ಉಜ್ಜಿದ. ಹೊಳೆಯಿಂದ ಅರಮನೆಯ ತನಕ ಜನ ಸಾಲಾಗಿ ನಿಂತು ಕೊಡ ಕೈಯಿಂದ ಕೈಗೆ ದಾಟಿಸಿದರು.

ತೊಟ್ಟಿ ತುಂಬಿತು. ಅಜ್ಜನನ್ನು ಬಿಟ್ಟರು. ಅಜ್ಜ ಕಲ್ಲಿನಂತೆ ತಳಕ್ಕೆ ಇಳಿಯಿತು, ಅಲುಗಲಿಲ್ಲ. ಆ ದಿನ ಏನೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಹಾಗಂತ ಬಿಡಲಿಲ್ಲ. ದಿನಾ ಕೊಳೆ ತೆಗೆದರು, ದಿನಾ ಹೊಸ ನೀರು ಬಿಟ್ಟರು, ಮುಟ್ಟದೆ ಉಳಿದ ಸೊಪ್ಪನ್ನು ಆಗಿಂದಾಗಲೇ ಎತ್ತಿದರು. ಯಾರೂ ಒಂದು ಹೂವು ಹಾಕಲಿಲ್ಲ.

ಒಂದು ಬೆಳಿಗ್ಗೆ ಬಿಸಿಲು ಗೋಡೆ ದಾಟಿ ತೊಟ್ಟಿಗೆ ಬಿತ್ತು. ನೀರು ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು. ಅಜ್ಜನ ಚಿಪ್ಪಿನ ಮೇಲೆ ಹೊಂಬಣ್ಣದ ಗೆರೆಗಳು ಕಂಡವು. ಗೆರೆಯೊಳಗೆ ಗೆರೆ, ಅದರೊಳಗೆ ಮತ್ತೊಂದು ಗೆರೆ. ಪಾಚಿ ಕಟ್ಟಿದಾಗಿನಿಂದ ಅವು ಕಂಡೇ ಇರಲಿಲ್ಲ. ಅಜ್ಜ ಕತ್ತು ಚಾಚಿತು. ಮೆಲ್ಲಗೆ, ಬಹಳ ಮೆಲ್ಲಗೆ, ಕಣ್ಣು ತೆರೆಯಿತು. ಮಕ್ಕಳೇ, ಅಂಥ ಕಣ್ಣು. ಎಷ್ಟು ಅರಸರನ್ನು ನೋಡಿತ್ತೋ, ಎಷ್ಟು ಮಳೆಗಾಲ ನೋಡಿತ್ತೋ, ಅದು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿತು. ಓಬಳಯ್ಯ ತಲೆ ತಗ್ಗಿಸಿ ಅತ್ತುಬಿಟ್ಟ, ಈ ಸಲ ಬೇಕಂತ ತಂದುಕೊಂಡ ನೀರಲ್ಲ.

ರಾಜ ರಾಣಿಗೆ ಹೇಳಿದ, "ಇಷ್ಟು ವರ್ಷ ನಾನು ಯಾವುದಕ್ಕೆ ಕೈ ಮುಗಿದೆನೋ ಗೊತ್ತಿಲ್ಲ ಚೆಲುವಾಜಿ. ಅಜ್ಜನನ್ನು ನೋಡಿದ್ದು ಇವತ್ತೇ."

ಇದಿಷ್ಟು ಕಥೆ. ನೀತಿ ಏನು ಅಂತ ಕೇಳ್ತೀರಾ? ಸಾಕಿದ ಜೀವಕ್ಕೆ ಬಾಯಿಲ್ಲ, ಅದರ ನೀರು ಕೊಳೆತರೆ ಅದು ನಿಮ್ಮನ್ನು ಬಂದು ಕೇಳೋದಿಲ್ಲ. ಅದರ ನೀರನ್ನು ಚೊಕ್ಕವಾಗಿಡುವುದೇ ಅದರ ಪೂಜೆ. ನಿಮ್ಮ ಬಾಯಿಗೆ ಹಾಕಿಕೊಳ್ಳಲಾರದ್ದರಲ್ಲಿ ಇನ್ನೊಂದು ಜೀವವನ್ನು ಇಡಬೇಡಿ. ಇನ್ನು ಏಳಿ, ಮನೆಗೆ ಹೋಗಿ. ಯಾರ ಮನೆಯಲ್ಲಿ ತೊಟ್ಟಿ ಇದೆಯೋ ಅವರು ಊಟಕ್ಕೆ ಕೂರುವ ಮೊದಲು ಅದರೊಳಗೆ ಒಮ್ಮೆ ಬಗ್ಗಿ ನೋಡಿ.