ಚಪ್ಪಾಳೆಗೆ ಜಾಗ ಬಿಟ್ಟ ಮಾಚಯ್ಯ

ಎದುರು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆರೂವರೆ ಅಡಿ ಉದ್ದದ ಮಾಚಯ್ಯ ಸೇರಿದಾಗಿನಿಂದ ನಮ್ಮ ಪಿ.ಟಿ. ಮೇಷ್ಟ್ರಿಗೆ ಊಟ ಸೇರುತ್ತಿರಲಿಲ್ಲ. ಕಾಂಪೌಂಡ್ ಆಚೆ ಆ ತಲೆ ಕಂಡರೆ ಸಾಕು, ಹೊಟ್ಟೆ ಉರಿ. ಅವನು ರಿಂಗ್ ಕೆಳಗೆ ನಿಂತರೆ ನಮ್ಮವರ ಒಂದು ಚೆಂಡೂ ಬೀಳದು.

ಮೇಷ್ಟ್ರು ಗ್ರೌಂಡಿನ ಅಟೆಂಡರನ್ನು ಕರೆದರು. "ಫೈನಲ್‌ಗೆ ಅವನಿಗಿಂತ ಉದ್ದದವನನ್ನ ಹುಡುಕ್ಕೊಂಡು ಬಾ. ಇಲ್ಲಾಂದ್ರೆ ನಿನ್ನನ್ನ ಹಾಸ್ಟೆಲ್ ಅಡುಗೆಮನೆಗೆ ಹಾಕಿಸ್ತೀನಿ."

"ಉದ್ದದವನು ಯಾಕೆ ಸಾರ್? ಅವನು ರಿಂಗ್ ಬಿಟ್ಟು ಈಚೆ ಬಂದ್ರೆ ಸಾಕಲ್ವಾ?"

ಫೈನಲ್ ದಿನ ಅಟೆಂಡರ್ ಆಟ ನೋಡಲು ಬಂದಿದ್ದ ನಮ್ಮ ಕಾಲೇಜಿನ ಹುಡುಗಿಯರಿಗೆ ಒಂದೇ ಮಾತು ಹೇಳಿದ. ನಮ್ಮ ತಂಡದ ಗಿಡ್ಡ ರಂಗಧಾಮ ರಿಂಗ್‌ನಿಂದ ದೂರದಲ್ಲಿ ಚೆಂಡು ಮುಟ್ಟಿದಾಗಲೆಲ್ಲ ಚಪ್ಪಾಳೆ ಬೀಳಬೇಕು. ಬಿತ್ತು. ಮಾಚಯ್ಯ ಎರಡು ಸಲ ಸಹಿಸಿದ. ಮೂರನೇ ಸಲ, ರಂಗಧಾಮನನ್ನು ಕಾಯುತ್ತಿದ್ದ ತನ್ನ ತಂಡದ ಗಿಡ್ಡನಿಗೆ, "ನೀನು ಒಳಗೆ ಹೋಗೋ, ಇವನನ್ನ ನಾನು ನೋಡ್ಕೋತೀನಿ" ಅಂತ ಓಡಿಬಂದ. ರಂಗಧಾಮ ಚೆಂಡನ್ನು ರಿಂಗ್ ಹತ್ತಿರ ನಿಂತಿದ್ದ ನಮ್ಮ ಚಿಕ್ಕೇಗೌಡನಿಗೆ ಎಸೆದ. ಅವನನ್ನು ತಡೆಯಲು ಬಂದ ಎದುರು ತಂಡದ ಗಿಡ್ಡ ಅವನ ಕಂಕುಳಿಗೂ ಬರುತ್ತಿರಲಿಲ್ಲ. ಚಿಕ್ಕೇಗೌಡ ತಿರುಗಿ ಆರಾಮಾಗಿ ಚೆಂಡು ಹಾಕಿದ. ಚಪ್ಪಾಳೆ ನಿಲ್ಲಲಿಲ್ಲ, ಮಾಚಯ್ಯನೂ ಒಳಗೆ ಹೋಗಲಿಲ್ಲ.

ಕಪ್ ಎತ್ತಿಕೊಂಡ ಮೇಷ್ಟ್ರು ಕೇಳಿದರು: "ಹೊಟ್ಟೆಕಿಚ್ಚಿಗೆ ಅವನು ಜಾಗ ಬಿಟ್ಟು ಬರ್ತಾನೆ ಅಂತ ನಿನಗೆ ಹೇಗೋ ಗೊತ್ತಾಯ್ತು?"

"ಹತ್ತು ವರ್ಷದಿಂದ ನಿಮ್ಮ ಕೈಕೆಳಗೇ ಇದೀನಲ್ಲ ಸಾರ್."